ಸನ್‌ರೂಫ್ ಸೋರಿದಾಗ: ಮಾಲೀಕ–ಮಿಸ್ತ್ರಿ ಸಂವಾದ

ಮಾಲೀಕ: ಸನ್‌ರೂಫ್ ಇರುವ ಹಳೆಯ ಎಸ್‌ಯುವಿಯೊಳಗೆ ಮಳೆನೀರು ಇಳಿದರೆ, ಗಾಜಿನ ಸುತ್ತಲಿನ ರಬ್ಬರ್ ಹೋಗಿದೆ ಎಂದೇ ಎಲ್ಲರೂ ಹೇಳುತ್ತಾರೆ. ಅದು ನಿಜವೇನ್ರಿ ಕಾಕಾ?

ಮಿಸ್ತ್ರಿ: ಬಹಳ ಸಲ ನಿಜವಲ್ಲ, ತಮ್ಮಾ. ಆ ರಬ್ಬರ್ ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದಲ್ಲ. ಗಾಳಿ, ಧೂಳು, ಸದ್ದು ಒಳಬರದಂತೆ ನೋಡಿಕೊಂಡು, ಮಳೆಯ ಬಹುಭಾಗವನ್ನು ಹೊರಗೇ ಜಾರಿಸುವುದು ಅದರ ಕೆಲಸ. ಹೊಸ ಗಾಡಿಯಲ್ಲೂ ಸ್ವಲ್ಪ ನೀರು ಅದನ್ನು ದಾಟಿ ಕೆಳಗೆ ಇಳಿಯುತ್ತದೆ. ಹಾಗೆ ಇಳಿದ ನೀರನ್ನು ಹಿಡಿಯಲು ಗಾಜಿನ ಕೆಳಗೆ ಸುತ್ತಲೂ ಒಂದು ಕಾಲುವೆ ಇದೆ. ಕಾಲುವೆಯ ನಾಲ್ಕು ಮೂಲೆಗೆ ನಾಲ್ಕು ಸಣ್ಣ ಪೈಪುಗಳು. ಮುಂದಿನ ಎರಡು ಪೈಪುಗಳು ಮುಂಗಾಜಿನ ಪಕ್ಕದ ಕಂಬಗಳೊಳಗೆ ಇಳಿದು ಬಾಗಿಲಿನ ಕೀಲಿನ ಹತ್ತಿರವೋ ಮಡ್‌ಗಾರ್ಡಿನ ಒಳಗೋ ತೆರೆದುಕೊಳ್ಳುತ್ತವೆ. ಹಿಂದಿನ ಎರಡು ಪೈಪುಗಳು ಹಿಂಬದಿಯ ಕಂಬಗಳಲ್ಲಿ ಇಳಿದು ಹಿಂದಿನ ಚಕ್ರದ ಮೇಲೋ ಬಂಪರಿನ ಒಳಗೋ ನೀರು ಬಿಡುತ್ತವೆ. ಮಣ್ಣಿನ ಮಾಳಿಗೆ ಮನೆಗೆ ನೀರು ಹೊರಹಾಕಲು ದೋಣಿ ಇಡುತ್ತಾರಲ್ಲ, ಗಾಡಿಯ ಮಾಳಿಗೆಗೂ ಹಾಗೇ. ದೋಣಿ ಕಟ್ಟಿಕೊಂಡರೆ ಮಾಳಿಗೆ ಎಷ್ಟು ಗಟ್ಟಿ ಇದ್ದರೂ ಮನೆ ಸೋರುತ್ತದೆ.

ಮಾಲೀಕ: ಹಾಗಾದರೆ ನೀರು ಒಳಗೆ ಬಂದಿದೆ ಎಂದರೆ ಪೈಪು ಕಟ್ಟಿದೆ ಎಂದು ಅರ್ಥವೋ?

ಮಿಸ್ತ್ರಿ: ಮೊದಲ ಅನುಮಾನ ಅದರ ಮೇಲೇ ಇರಬೇಕು. ಈ ಕಲಬುರಗಿ ಭಾಗದಲ್ಲಿ ಅದಕ್ಕೆ ಕಾರಣಗಳೂ ಹೆಚ್ಚು. ಆಳಂದ, ಅಫಜಲಪುರ, ಜೇವರ್ಗಿಯ ನೆಲವೆಲ್ಲ ಬಹುಮಟ್ಟಿಗೆ ಎರೆಮಣ್ಣು. ಬೇಸಿಗೆಯಲ್ಲಿ ಅದು ಹಿಟ್ಟಿನಂಥ ಧೂಳಾಗಿ ಏಳುತ್ತದೆ, ನೀರು ಬಿದ್ದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಫೆಬ್ರುವರಿಯಿಂದ ಮೇವರೆಗೆ ಧೂಳು ಸನ್‌ರೂಫಿನ ಕಾಲುವೆಯಲ್ಲಿ ಸುಮ್ಮನೆ ಕೂತಿರುತ್ತದೆ. ಜೂನ್‌ನ ಮೊದಲ ಮಳೆ ಅದನ್ನು ಕೆಸರು ಮಾಡಿ ಪೈಪಿನ ಬಾಯಿಗೆ ತಳ್ಳುತ್ತದೆ. ಮುಂದೆ ವಾರಗಟ್ಟಲೆ ಬಿಸಿಲು ಬಂದರೆ ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಇದರ ಜೊತೆಗೆ ತೊಗರಿ ರಾಶಿಯ ಕಾಲದ ಹೊಟ್ಟು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿತು. ಇಲ್ಲಿ ತೊಗರಿ ಬೆಳೆಯದ ಊರು ಸಿಗುವುದು ಕಷ್ಟ. ರಾಶಿ ನಡೆಯುವ ಹೊಲದ ಪಕ್ಕ ಗಾಡಿ ನಿಂತರೆ ಹೊಟ್ಟು ಗಾಜಿನ ಅಂಚಿನ ಸಂದಿಗೆ ಹೋಗಿ ಸೇರುತ್ತದೆ. ನೆರಳು ಬೇಕೆಂದು ಬೇವಿನ ಕೆಳಗೆ ನಿಲ್ಲಿಸಿದರೆ ಹೂ, ಹುಣಸೆಯ ಕೆಳಗೆ ನಿಲ್ಲಿಸಿದರೆ ಸಣ್ಣ ಎಲೆ. ಎಲೆ ಮತ್ತು ಎರೆಮಣ್ಣು ಸೇರಿದ ಮುದ್ದೆಯನ್ನು ನೀರು ತಾನಾಗಿ ತಳ್ಳಲಾರದು.

ಮಾಲೀಕ: ಇಲ್ಲಿ ಮಳೆಯೇ ಕಡಿಮೆ. ವರ್ಷಕ್ಕೆ 700–800 ಮಿಲಿಮೀಟರ್ ಬೀಳುವ ಕಡೆಯ ಗಾಡಿ, ಕರಾವಳಿಯ ಗಾಡಿಗಿಂತ ಹೆಚ್ಚು ಸೋರುತ್ತದೆಯೇ?

ಮಿಸ್ತ್ರಿ: ಕಡಿಮೆ ಮಳೆಯೇ ಇಲ್ಲಿ ತೊಂದರೆ. ಕರಾವಳಿಯಲ್ಲಿ ನೀರು ತಿಂಗಳುಗಟ್ಟಲೆ ಹರಿದು ಕಾಲುವೆಯನ್ನು ತೊಳೆಯುತ್ತಿರುತ್ತದೆ. ಇಲ್ಲಿ ಎಂಟು ತಿಂಗಳು ಧೂಳು ತುಂಬಿ, ಆಮೇಲೆ ಒಂದೇ ಸಂಜೆ ಜಡಿಮಳೆ ಬೀಳುತ್ತದೆ. ರಬ್ಬರಿಗೂ ಇದೇ ಗತಿ. ಏಪ್ರಿಲ್–ಮೇನಲ್ಲಿ ಉಷ್ಣತೆ 42–43 ಡಿಗ್ರಿ ದಾಟುವ ಊರುಗಳಿವು. ಬಿಸಿಲಲ್ಲಿ ನಿಂತ ಗಾಡಿಯ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ರಬ್ಬರ್ ತನ್ನ ಮೆದುತನ ಕಳೆದುಕೊಂಡು ಬಿರುಕು ಬಿಡುತ್ತದೆ, ಮೂಲೆಗಳಲ್ಲಿ ಕುಗ್ಗುತ್ತದೆ. ಎಸ್‌ಯುವಿಗಳ ಪೈಕಿ 2015ರಲ್ಲಿ ಎಕ್ಸ್‌ಯುವಿ500ರ ಮೇಲ್ದರ್ಜೆಯ ಮಾದರಿಗೆ, 2016ರಲ್ಲಿ ಎಂಡೆವರಿನ ದುಬಾರಿ ಮಾದರಿಗೆ ವಿದ್ಯುತ್ ಸನ್‌ರೂಫ್ ಬಂತು. ಆ ಕಾಲದ ಗಾಡಿಗಳು ಈಗ ಎರಡನೇ, ಮೂರನೇ ಕೈಗೆ ಬಂದಿವೆ. ಅವುಗಳ ರಬ್ಬರಿಗೂ ಪೈಪಿಗೂ ಈಗ ವಯಸ್ಸಾಗಿದೆ.

ಮಾಲೀಕ: ಒಳಗೆ ನೀರು ಕಂಡ ಜಾಗವನ್ನು ನೋಡಿ ಯಾವ ಪೈಪು ಎಂದು ಹೇಳಬಹುದೇ?

ಮಿಸ್ತ್ರಿ: ಸ್ವಲ್ಪಮಟ್ಟಿಗೆ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ನೆಂದಿದ್ದರೆ, ಕಂಬದ ಪ್ಲಾಸ್ಟಿಕ್ ಮೇಲೆ ನೀರಿನ ಗೆರೆ ಇದ್ದರೆ, ಆ ಬದಿಯ ಮುಂದಿನ ಪೈಪು. ಡಿಕ್ಕಿಯ ಬದಿಯಲ್ಲಿ, ಸ್ಟೆಪ್ನಿ ಇಡುವ ಜಾಗದಲ್ಲಿ ನೀರು ನಿಂತಿದ್ದರೆ ಹಿಂದಿನದು. ಒಳದೀಪದಿಂದಲೇ ಹನಿ ಬೀಳುತ್ತಿದ್ದರೆ ಕಾಲುವೆ ತುಂಬಿ ಚೆಲ್ಲುತ್ತಿದೆ, ಇಲ್ಲವೆ ಕಾಲುವೆಯೇ ಸೀಳಿದೆ. ಆದರೆ ನೀರು ಬಿದ್ದ ಕಡೆಯೇ ಕಾಣಿಸುವುದಿಲ್ಲ. ಛಾವಣಿಯ ಒಳಬಟ್ಟೆಯ ಮೇಲೆ ಹರಿದು, ಗಾಡಿ ಯಾವ ಕಡೆ ವಾಲಿ ನಿಂತಿದೆಯೋ ಆ ಕಡೆ ಇಳಿಯುತ್ತದೆ. ಆದ್ದರಿಂದ ಕಂಡ ಜಾಗ ಒಂದು ಸುಳಿವು ಮಾತ್ರ. ಸಾಕ್ಷಿ ಬೇಕಾದರೆ ನೀರು ಸುರಿದೇ ನೋಡಬೇಕು.

ಅದಕ್ಕೂ ಮೊದಲು ಬೇರೆ ದಾರಿಗಳನ್ನು ತಳ್ಳಿಹಾಕಬೇಕು. ಎಸಿ ಹಾಕಿದಾಗ ಮಾತ್ರ ಕಾರ್ಪೆಟ್ ನೆಂದರೆ, ನೀರು ಶುಭ್ರವಾಗಿದ್ದರೆ, ಎಸಿಯ ನೀರು ಹೋಗುವ ಪೈಪು ಕಟ್ಟಿದೆ, ಸನ್‌ರೂಫಿಗೆ ಸಂಬಂಧವಿಲ್ಲ. ಬಣ್ಣವಿದ್ದು, ಅಂಟಂಟಾಗಿದ್ದು, ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರಿದ ಕೂಲಂಟ್. ಮೇಲಿನ ಕ್ಯಾರಿಯರ್ ಬೋಲ್ಟು, ಆ್ಯಂಟೆನಾದ ಬುಡ, ಹಿಂದೊಮ್ಮೆ ಬದಲಿಸಿದ ಮುಂಗಾಜಿನ ಅಂಟು, ಇವೂ ಸೋರುತ್ತವೆ. ಇನ್ನೊಂದು ಇದೆ. 2020ರ ಅಕ್ಟೋಬರ್ ನಡುವಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿತು. ಅಂಥ ನೆರೆಯಲ್ಲಿ ಮುಳುಗಿದ ಗಾಡಿ ಕೈ ಬದಲಿಸಿ ಬಂದಿರಬಹುದು. ಕಾರ್ಪೆಟ್ ಎತ್ತಿದಾಗ ಅಡಿಯಲ್ಲಿ ನಯವಾದ ಹೂಳು ಎಲ್ಲ ಕಡೆ ಒಂದೇ ಸಮ ಕೂತಿದ್ದರೆ, ಸೀಟಿನ ಹಳಿ ಸುತ್ತಲೂ ತುಕ್ಕು ಹಿಡಿದಿದ್ದರೆ, ನೀರು ಕೆಳಗಿನಿಂದ ಬಂದದ್ದು. ಸನ್‌ರೂಫಿನ ನೀರು ಒಂದು ಬದಿಯಲ್ಲಿ ಗೆರೆ ಬಿಡುತ್ತದೆ.

ಮಾಲೀಕ: ನೀರು ಸುರಿದು ನೋಡುವುದು ಹೇಗೆ? ಸರ್ವಿಸಿಂಗ್ ಅಂಗಡಿಯ ಪ್ರೆಶರ್ ಪೈಪ್ ಹಿಡಿದರೆ ಸಾಕೇ?

ಮಿಸ್ತ್ರಿ: ಪ್ರೆಶರ್ ಬೇಡವೇ ಬೇಡ. ಆ ರಭಸಕ್ಕೆ ಒಳ್ಳೆಯ ರಬ್ಬರೂ ದಾರಿ ಬಿಡುತ್ತದೆ, ಸುಳ್ಳು ಸಾಕ್ಷಿ ಸಿಗುತ್ತದೆ. 2023ರಲ್ಲಿ ಒಂದು ಹೊಸ ಎಸ್‌ಯುವಿಯನ್ನು ಜಲಪಾತದ ಕೆಳಗೆ ನಿಲ್ಲಿಸಿ, ಮುಚ್ಚಿದ ಸನ್‌ರೂಫಿನಿಂದ ನೀರು ಸುರಿಯುವುದನ್ನು ತೋರಿಸಿದ ವಿಡಿಯೊ ದೇಶವೆಲ್ಲ ಹರಿದಾಡಿತು. ಎತ್ತರದಿಂದ ಧುಮುಕುವ ನೀರಿನ ಏಟು ಬೇರೆ, ಮಳೆ ಬೇರೆ. ಕಾಲುವೆಗೆ ಬರುವ ನೀರು ಪೈಪುಗಳು ಹೊರಹಾಕುವುದಕ್ಕಿಂತ ಹೆಚ್ಚಾದರೆ ಎಷ್ಟೇ ಚೆನ್ನಾದ ಸನ್‌ರೂಫೂ ಒಳಗೆ ಚೆಲ್ಲುತ್ತದೆ.

ಸರಿಯಾದ ಪರೀಕ್ಷೆಗೆ ಒಂದು ಲೋಟ, ಇಬ್ಬರು ಮನುಷ್ಯರು, ಸಮತಟ್ಟಾದ ನೆಲ ಸಾಕು. ಗಾಡಿಯ ಒಳಗನ್ನು ಪೂರ್ತಿ ಒರೆಸಿ ಒಣಗಿಸಬೇಕು. ಸನ್‌ರೂಫ್ ತೆರೆದು, ಕಾಲುವೆಯ ಕಸವನ್ನು ಬಟ್ಟೆಯಿಂದ ತೆಗೆಯಬೇಕು. ಆಮೇಲೆ ಒಂದು ಮೂಲೆಗೆ ಲೋಟದ ನೀರನ್ನು ಸಾವಕಾಶ ಹಾಕಬೇಕು. ಇನ್ನೊಬ್ಬ ಕೆಳಗೆ ಕೂತು, ಆ ಪೈಪು ತೆರೆಯುವ ಜಾಗದಲ್ಲಿ ನೀರು ಬಂತೇ ಎಂದು ನೋಡಬೇಕು. ಹಾಕಿದ ಕೆಲವೇ ಸೆಕೆಂಡಿನಲ್ಲಿ ಧಾರೆಯಾಗಿ ಬಂದರೆ ಪೈಪು ಚೆನ್ನಾಗಿದೆ. ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ. ಕಾಲುವೆಯಲ್ಲೇ ನಿಂತರೆ ಪೂರ್ತಿ ಕಟ್ಟಿದೆ. ಕಾಲುವೆ ಬೇಗ ಖಾಲಿಯಾಗಿಯೂ ಹೊರಗೆ ಬರಲೇ ಇಲ್ಲವೆಂದರೆ ಪೈಪು ಮೇಲಿನ ಮೂತಿಯಿಂದ ಕಳಚಿದೆ, ಇಲ್ಲವೆ ಒಳಗೆ ಸೀಳಿದೆ; ನೀರು ಕಂಬದೊಳಗೆ ಸುರಿಯುತ್ತಿದೆ. ಒಂದೊಂದೇ ಮೂಲೆ ಮುಗಿಸಬೇಕು. ನಾಲ್ಕಕ್ಕೂ ಒಟ್ಟಿಗೆ ಹಾಕಿದರೆ ಏನೂ ತಿಳಿಯುವುದಿಲ್ಲ.

ಮಾಲೀಕ: ಕಟ್ಟಿದ್ದು ಗೊತ್ತಾದರೆ ಪಂಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆದರೆ ಆಯಿತಲ್ಲ?

ಮಿಸ್ತ್ರಿ: ಅಲ್ಲೇ ಹೆಚ್ಚು ಗಾಡಿಗಳು ಕೆಡುತ್ತವೆ. ಹಳೆಯ ಪೈಪು ಮೂತಿಗೆ ಬಿಗಿಯಾಗಿ ಕೂತಿರುವುದಿಲ್ಲ. ಟ್ರಕ್ಕಿನ ಟೈರಿಗೆ ತುಂಬುವ ಗಾಳಿ ಹೊಡೆದರೆ ಕೆಸರು ಹೋಗುವ ಮೊದಲು ಪೈಪೇ ಕಳಚುತ್ತದೆ. ಅದು ಕಳಚುವುದು ಛಾವಣಿಯ ಒಳಬಟ್ಟೆಯ ಹಿಂದೆ, ಯಾರಿಗೂ ಕಾಣದು. ಮೊದಲು ಹನಿ ಬೀಳುತ್ತಿತ್ತು, ಈಗ ಧಾರೆ ಬೀಳುತ್ತದೆ.

ಕೆಳಗಿನ ತುದಿಯಿಂದ ಶುರು ಮಾಡಬೇಕು. ಬಹಳ ಗಾಡಿಗಳಲ್ಲಿ ಪೈಪಿನ ಕೊನೆಗೆ ಸೀಳು ಬಾಯಿಯ ರಬ್ಬರ್ ಮುಚ್ಚಳ ಇರುತ್ತದೆ. ಹೊರಗಿನ ಧೂಳು, ಹುಳ ಒಳಗೆ ಹೋಗದಿರಲೆಂದು ಅದು. ನಮ್ಮ ರಸ್ತೆಗಳ ಕೆಸರು ಚಕ್ರದಿಂದ ಸಿಡಿದು ಆ ಸೀಳನ್ನೇ ಮುಚ್ಚುತ್ತದೆ. ಬೆರಳಿನಿಂದ ಹಿಸುಕಿದರೆ ಎಷ್ಟೋ ಸಲ ಒಂದು ಹಿಡಿ ಕಪ್ಪು ನೀರು ಸುರಿದು ಅಲ್ಲಿಗೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ಮೇಲಿನಿಂದ ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ತುದಿ ಕಾಯಿಸಿ ಗುಂಡಗೆ ಮಾಡಿಕೊಂಡು ತಿರುವುತ್ತ ಇಳಿಸಬೇಕು. ದ್ವಿಚಕ್ರ ವಾಹನದ ಹಳೆಯ ಸ್ಪೀಡೊಮೀಟರ್ ಕೇಬಲಿನ ಒಳತಂತಿಯೂ ನಡೆಯುತ್ತದೆ, ತುದಿ ಚೂಪಾಗಿರಬಾರದು ಅಷ್ಟೆ. ಕಬ್ಬಿಣದ ಬೈಂಡಿಂಗ್ ತಂತಿ ಪೈಪನ್ನು ಚುಚ್ಚುತ್ತದೆ. ಎರೆಮಣ್ಣು ಕಲ್ಲಾಗಿದ್ದರೆ ಬಿಸಿನೀರು ಹಾಕಿ ಒಂದು ಗಂಟೆ ಬಿಡಬೇಕು; ಅದು ತಾನೇ ಮೆದುವಾಗುತ್ತದೆ. ಕೆಳಗಿನಿಂದ ವ್ಯಾಕ್ಯೂಮ್ ಹಿಡಿದು ಎಳೆದರೆ ಇನ್ನೂ ಒಳ್ಳೆಯದು. ಗಾಳಿಯೇ ಬೇಕೆಂದರೆ ಸೈಕಲ್ ಪಂಪಿನಷ್ಟು ಸಾಕು. ಅವಸರ ಮಾಡದ ಮಿಸ್ತ್ರಿಗೆ ಈ ಕೆಲಸ ಅರ್ಧ ದಿನದ್ದು.

ಮಾಲೀಕ: ಪೈಪು ಕಳಚಿದ್ದರೆ, ಸೀಳಿದ್ದರೆ?

ಮಿಸ್ತ್ರಿ: ಆಗ ಒಳಬಟ್ಟೆಯ ಹಲಗೆ ಇಳಿಸಲೇಬೇಕು. ಬಿಸಿಲು ತಡೆಯುವ ಮಡಚು ಹಲಗೆ, ಹಿಡಿಕೆಗಳು, ಒಳದೀಪ, ಕಂಬದ ಪ್ಲಾಸ್ಟಿಕ್ ಎಲ್ಲ ಬಿಚ್ಚಬೇಕು. ಇಲ್ಲೊಂದು ಎಚ್ಚರಿಕೆ ಇದೆ. ಮೇಲ್ದರ್ಜೆಯ ಮಾದರಿಗಳಲ್ಲಿ ಛಾವಣಿಯ ಅಂಚಿನುದ್ದಕ್ಕೂ ಪರದೆ ಏರ್‌ಬ್ಯಾಗ್ ಇರುತ್ತದೆ. ಬ್ಯಾಟರಿಯ ಋಣ ತುದಿ ಕಳಚಿ, ಕೆಲವು ನಿಮಿಷ ಕಾದು, ಆಮೇಲೆ ಕೈ ಹಾಕಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರನ್ನು ಟೆಸ್ಟ್ ಲ್ಯಾಂಪಿನಿಂದ ಮುಟ್ಟಬಾರದು. ಗೊತ್ತಿಲ್ಲದವರು ಈ ಹಂತವನ್ನು ಬಲ್ಲವರಿಗೇ ಬಿಡಬೇಕು.

ಹೊಸ ಪೈಪು ಹಳೆಯದರಷ್ಟೇ ಅಗಲ ಇರಬೇಕು. ಸಣ್ಣದು ಹಾಕಿದರೆ ಬೇಗ ಕಟ್ಟುತ್ತದೆ, ದೊಡ್ಡದು ಹಾಕಿದರೆ ಜಾರುತ್ತದೆ. ಹಳೆಯದನ್ನು ಎಳೆಯುವ ಮೊದಲು ಅದರ ತುದಿಗೆ ಗಟ್ಟಿ ದಾರ ಕಟ್ಟಿದರೆ, ಆ ದಾರವೇ ಹೊಸ ಪೈಪನ್ನು ಕಂಬದೊಳಗೆ ಎಳೆದುಕೊಂಡು ಬರುತ್ತದೆ. ದಾರಿಯಲ್ಲಿ ಎಲ್ಲೂ ಮಡಿಚಿಕೊಳ್ಳಬಾರದು, ಎಲ್ಲೂ ಮೇಲಕ್ಕೆ ಏರಬಾರದು. ಮೂತಿಗೆ ಸಣ್ಣ ಕ್ಲಿಪ್ ಹಾಕಬೇಕು. ಒಳಬಟ್ಟೆ ಮತ್ತೆ ಕೂರಿಸುವ ಮೊದಲೇ ಲೋಟದ ಪರೀಕ್ಷೆ ಇನ್ನೊಮ್ಮೆ ನಡೆಯಬೇಕು. ಕಾಲುವೆಯ ತಗಡಿಗೆ ತುಕ್ಕು ಬಂದಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ, ಪ್ರೈಮರ್, ಬಣ್ಣ ಹಚ್ಚಿ, ಜೋಡಣೆಯ ಸೀಳಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಬೇಕು.

ಮಾಲೀಕ: ಇಷ್ಟೆಲ್ಲ ಏಕೆ, ಗಾಜಿನ ಸುತ್ತ ಸಿಲಿಕಾನ್ ಹಚ್ಚಿ ಕಾಯಂ ಮುಚ್ಚಿಬಿಡಿ ಎನ್ನುವವರಿದ್ದಾರೆ.

ಮಿಸ್ತ್ರಿ: ಇದ್ದಾರೆ. ಆ ಸಲಹೆ ಕೆಟ್ಟದ್ದು. ಬೇಸಿಗೆಯಲ್ಲಿ ತಗಡು ಹಿಗ್ಗಿ, ಎತ್ತಿನ ಗಾಡಿಯ ದಾರಿಯಲ್ಲಿ ಮೈ ತಿರುಚಿ, ಸಿಲಿಕಾನ್ ಒಂದು ಮೂಲೆಯಲ್ಲಿ ಬಿಟ್ಟೇ ಬಿಡುತ್ತದೆ. ನೀರು ಒಳಗೆ ಬರುತ್ತದೆ. ಕೆಳಗಿನ ಪೈಪು ಕಟ್ಟಿದ್ದು ಹಾಗೇ ಇದೆಯಲ್ಲ! ಮರೆತ ಯಾರೋ ಬಟನ್ ಒತ್ತಿದರೆ ಅಂಟಿದ ಗಾಜನ್ನು ಎಳೆಯಲು ಹೋಗಿ ಮೋಟರಿನ ಪ್ಲಾಸ್ಟಿಕ್ ಗಿಯರಿನ ಹಲ್ಲು ಸವೆಯುತ್ತದೆ. ಮುಂದೆ ಸರಿಯಾಗಿ ರಿಪೇರಿ ಮಾಡಬೇಕೆಂದರೆ ಆ ಸಿಲಿಕಾನ್ ಕೆರೆಯುವಾಗ ಬಣ್ಣವೂ ಹೋಗುತ್ತದೆ. ನೂರು ರೂಪಾಯಿ ಉಳಿಸಲು ಸಾವಿರಗಳ ಭಾಗ ಕೆಡಿಸಿದಂತೆ.

ರಬ್ಬರ್ ನಿಜವಾಗಿ ಹೋಗಿದ್ದರೆ ಬದಲಿಸಬೇಕು. ಹೊಸದನ್ನು ಎಳೆದು ಕೂರಿಸಬಾರದು. ಎಳೆದ ರಬ್ಬರ್ ಬಿಸಿಲಿಗೆ ಕುಗ್ಗಿ ಜೋಡಣೆಯಲ್ಲಿ ಬಾಯಿ ಬಿಡುತ್ತದೆ. ಹೋಗಿಲ್ಲದಿದ್ದರೆ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕಾನ್ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಡೀಸೆಲ್, ಎಂಜಿನ್ ಆಯಿಲ್, ಬೇರಿಂಗ್ ಗ್ರೀಸ್ ಇವು ಸನ್‌ರೂಫಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಇನ್ನು ಗಾಜಿನ ಮಟ್ಟ. ಗಾಜಿನ ಎರಡೂ ಬದಿಗೆ ಒಳಗಿನಿಂದ ಸ್ಕ್ರೂಗಳಿವೆ. ಸಡಿಲಿಸಿ ಗಾಜನ್ನು ಏರಿಸಿ ಇಳಿಸಬಹುದು. ಮುಂದಿನ ಅಂಚು ಛಾವಣಿಗೆ ಸಮ ಇಲ್ಲವೆ ಒಂದು ಮಿಲಿಮೀಟರ್ ಕೆಳಗೆ, ಹಿಂದಿನ ಅಂಚು ಸಮ ಇಲ್ಲವೆ ಒಂದು ಮಿಲಿಮೀಟರ್ ಮೇಲೆ ಇರುವುದು ಬಹುತೇಕ ತಯಾರಕರ ಪದ್ಧತಿ. ಮುಂದೆ ಎದ್ದಿದ್ದರೆ ಗಾಳಿ ಸೀಟಿ ಹೊಡೆಯುತ್ತದೆ. ಅಂಚಿನಲ್ಲಿ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆದು ನೋಡಬೇಕು. ಸುತ್ತಲೂ ಒಂದೇ ಬಿಗಿ ಸಿಗಬೇಕು. ಸಲೀಸಾಗಿ ಬಂದ ಕಡೆ ಗಾಜು ಕೂತಿಲ್ಲ.

ಮಾಲೀಕ: ನೀರು ನಿಂತಿತು, ಆದರೆ ಸನ್‌ರೂಫ್ ಅಲುಗುವುದೇ ಇಲ್ಲ. ಅರ್ಧ ತೆರೆದು ನಿಂತಿದೆ, ಮೋಡ ಕಟ್ಟಿದೆ. ಆಗ?

ಮಿಸ್ತ್ರಿ: ಮೊದಲು ಕೈಯಿಂದ ಮುಚ್ಚುವುದು. ಬಹಳ ಗಾಡಿಗಳಲ್ಲಿ ಒಳದೀಪದ ಮುಚ್ಚಳ ತೆಗೆದರೆ ಮೋಟರಿನ ತುದಿಯಲ್ಲಿ ಅಲೆನ್ ಕೀ ಕೂರುವ ತೂತು ಕಾಣುತ್ತದೆ. ಕೀ ಹಾಕಿ ತಿರುಗಿಸಿದರೆ ಗಾಜು ನಿಧಾನಕ್ಕೆ ಸರಿಯುತ್ತದೆ. ಯಾವ ಕಡೆ ತಿರುಗಿಸಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಡ್ರಿಲ್ ಯಂತ್ರ ಹಚ್ಚಬಾರದು.

ಆಮೇಲೆ ಕಿವಿಯಿಂದ ಪರೀಕ್ಷೆ. ಬಟನ್ ಒತ್ತಿದಾಗ ಸದ್ದೇ ಇಲ್ಲವೆಂದರೆ ಫ್ಯೂಸ್, ಬಟನ್, ಅರ್ಥಿಂಗ್, ಕನೆಕ್ಟರ್. ಫ್ಯೂಸ್ ಸಾಮಾನ್ಯವಾಗಿ 20 ಇಲ್ಲವೆ 30 ಆಂಪಿಯರಿನದು. ಸುಟ್ಟಿದ್ದರೆ ದೊಡ್ಡದು ಹಾಕಬಾರದು, ಯಾಕೆ ಸುಟ್ಟಿತು ಎಂದು ಹುಡುಕಬೇಕು. ಸೋರಿದ ಗಾಡಿಯಲ್ಲಿ ಮೇಲಿನ ಕನೆಕ್ಟರಿನಲ್ಲೇ ಹಸಿರು ಕಿಲುಬು ಕಟ್ಟಿರುತ್ತದೆ. ಮಲ್ಟಿಮೀಟರ್ ಹಿಡಿದು, ಬಟನ್ ಒತ್ತಿದಾಗ ಮೋಟರಿನ ತನಕ 12 ವೋಲ್ಟ್ ಬರುತ್ತದೆಯೇ ನೋಡಬೇಕು. ಬಂದೂ ತಿರುಗದಿದ್ದರೆ ಮೋಟರ್ ಕೆಟ್ಟಿದೆ, ಇಲ್ಲವೆ ಗಾಜು ತಾನು ಸರಿಯುವ ಹಳಿಯಲ್ಲಿ ಸಿಕ್ಕಿಕೊಂಡಿದೆ. ಮೋಟರ್ ತಿರುಗುವ ಸದ್ದು ಬಂದು ಗಾಜು ಸರಿಯದಿದ್ದರೆ ಗಿಯರಿನ ಹಲ್ಲು ಹೋಗಿದೆ ಅಥವಾ ಗಾಜನ್ನು ಸರಿಸುವ ಕೇಬಲ್ ತುಂಡಾಗಿದೆ. ಒಂದು ಬದಿ ಮಾತ್ರ ಸರಿದು ಗಾಜು ಸೊಟ್ಟಗಾದರೆ ಒಂದು ಕೇಬಲ್ ಇಲ್ಲವೆ ಗಾಜನ್ನು ಹಳಿಗೆ ಹಿಡಿಸಿದ ಪ್ಲಾಸ್ಟಿಕ್ ಜಾರುಗಾಲು ಮುರಿದಿದೆ. ಮುಚ್ಚಲು ಹೋಗಿ ಮತ್ತೆ ತಾನೇ ತೆರೆದರೆ, ಕೈಬೆರಳು ಸಿಕ್ಕದಂತೆ ಕಾಯುವ ವ್ಯವಸ್ಥೆ ಹಳಿಯ ಬಿಗಿಯನ್ನೇ ಬೆರಳು ಎಂದುಕೊಳ್ಳುತ್ತಿದೆ.

ಮಾಲೀಕ: ಮೋಟರ್ ಬಿಚ್ಚಿ ಹಾಕಿದ ಮೇಲೆ ಗಾಜು ಸೊಟ್ಟಗೆ ಕೂರುವುದನ್ನು ನೋಡಿದವರಿದ್ದಾರೆ.

ಮಿಸ್ತ್ರಿ: ಅದಕ್ಕೆ ಕಾರಣ ಇದೆ. ಮೋಟರಿನ ಒಂದೇ ಗಿಯರ್ ಎರಡು ಕೇಬಲ್‌ಗಳನ್ನು ಒಟ್ಟಿಗೆ ತಳ್ಳುತ್ತದೆ. ಕೇಬಲಿನ ಮೇಲೆ ಸುರುಳಿ ತಂತಿ ಸುತ್ತಿ ಹಲ್ಲಿನಂತೆ ಮಾಡಿರುತ್ತಾರೆ. ಮೋಟರ್ ಬಿಚ್ಚಿದಾಗ ಎರಡೂ ಸ್ವತಂತ್ರ. ಒಂದು ಹಲ್ಲು ಹಿಂದೆಮುಂದೆ ಆದರೂ ಗಾಜು ಓರೆಯಾಗುತ್ತದೆ. ಆದ್ದರಿಂದ ಗಾಜು ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ, ಎರಡೂ ಬದಿ ಗುರುತು ಹಾಕಿಕೊಂಡು ಮೋಟರ್ ತೆಗೆಯಬೇಕು. ಅದೇ ಸ್ಥಿತಿಯಲ್ಲಿ ಹಾಕಬೇಕು. ಬ್ಯಾಟರಿ ಕಳಚಿದ ಮೇಲೆ ಕೆಲವು ಗಾಡಿಗಳು ಗಾಜಿನ ಕೊನೆಯ ಜಾಗವನ್ನು ಮರೆಯುತ್ತವೆ. ಬಟನ್ ಒತ್ತಿ ಹಿಡಿದು ಮತ್ತೆ ಕಲಿಸಬೇಕು. ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಅದನ್ನು ಕೈಪಿಡಿ ನೋಡಿಯೇ ಮಾಡಬೇಕು.

ಹಳಿಗೆ ಗ್ರೀಸ್ ಮೆತ್ತುವುದೂ ಬೇಡ. ದಪ್ಪ ಗ್ರೀಸ್ ಎರೆಮಣ್ಣಿನ ಧೂಳನ್ನು ಹಿಡಿದು ಅರೆಯುವ ಲೇಪ ಆಗುತ್ತದೆ, ಜಾರುಗಾಲು ಸವೆಯುತ್ತದೆ. ಹಳೆಯದನ್ನು ಒರೆಸಿ ತೆಗೆದು, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಸವರಬೇಕು.

ಮಾಲೀಕ: ಹಳಿ ಬಾಗುವುದೂ ಉಂಟೇ?

ಮಿಸ್ತ್ರಿ: ಉಂಟು, ಮತ್ತು ಅದು ಮಳೆಯ ತಪ್ಪಲ್ಲ. ಮದುವೆ ಮೆರವಣಿಗೆ, ಚುನಾವಣೆ ಪ್ರಚಾರ, ಜಾತ್ರೆ, ಎಲ್ಲ ಕಡೆ ಜನ ಸನ್‌ರೂಫಿನಿಂದ ಮೇಲೆದ್ದು ಅಂಚಿನ ಮೇಲೆ ಕೂರುತ್ತಾರೆ. ಆ ಅಂಚು ಮನುಷ್ಯನ ಭಾರ ಹೊರಲು ಮಾಡಿದ್ದಲ್ಲ. ಹಳಿ ಬಾಗಿದರೆ, ಕಾಲುವೆ ಚಪ್ಪಟೆಯಾದರೆ ಇಡೀ ಚೌಕಟ್ಟು ಬದಲಿಸಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಮಾತು: ಬ್ರೇಕ್ ಒತ್ತಿದರೆ ಹಾಗೆ ನಿಂತ ಮಗುವಿನ ಎದೆ ಆ ಅಂಚಿಗೇ ಬಡಿಯುತ್ತದೆ. ಮಕ್ಕಳನ್ನು ಅಲ್ಲಿ ನಿಲ್ಲಿಸುವುದನ್ನು ಯಾರೂ ಪ್ರೀತಿ ಎಂದು ಕರೆಯಬಾರದು.

ಮಾಲೀಕ: ಬಿಡಿಭಾಗ ಸಿಗುತ್ತವೆಯೇ? ಸನ್‌ರೂಫ್ ಇಲ್ಲದ ಗಾಡಿಗೆ ಹೊಸದಾಗಿ ಕತ್ತರಿಸಿ ಹಾಕಿಸಿಕೊಂಡವರೂ ಇದ್ದಾರೆ.

ಮಿಸ್ತ್ರಿ: ಮಾರುಕಟ್ಟೆಯಿಂದ ಹೋದ ಮಾದರಿಗೆ ಹೊಸ ಚೌಕಟ್ಟು ಕಷ್ಟ. ಸೊಲ್ಲಾಪುರ, ಹೈದರಾಬಾದಿನ ಗುಜರಿಯಲ್ಲಿ ಹಳೆಯದು ಹುಡುಕಬೇಕು. ತರುವ ಮೊದಲು ಅದರ ಕಾಲುವೆಗೂ ಲೋಟದ ನೀರು ಹಾಕಿ ನೋಡಬೇಕು. ಕತ್ತರಿಸಿ ಹಾಕಿದ ಸನ್‌ರೂಫಿನ ಕಥೆ ಬೇರೆ. ಎಷ್ಟೋ ಕಡೆ ಪೈಪನ್ನು ಕಂಬದೊಳಗೆ ತಂದೇ ಇರುವುದಿಲ್ಲ, ಛಾವಣಿಯ ಅಡ್ಡಪಟ್ಟಿಯನ್ನೂ ಕತ್ತರಿಸಿರುತ್ತಾರೆ. ಗಾಡಿ ಮಗುಚಿದರೆ ತಲೆ ಕಾಯುವುದು ಆ ಪಟ್ಟಿಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಛಾವಣಿ ಕತ್ತರಿಸುವ ಮೊದಲು ಇದನ್ನು ನೆನಪಿಡಬೇಕು.

ಮಾಲೀಕ: ಸೋರಿಕೆ ನಿಂತ ಮೇಲೆ ಒಳಗೆ ಒಣಗಿಸುವುದಷ್ಟೇ ಉಳಿಯಿತೇ?

ಮಿಸ್ತ್ರಿ: ಅದೂ ಸಣ್ಣ ಕೆಲಸವಲ್ಲ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ, ಬಿಸಿಲಿಗೆ ಹಾಕಬೇಕು. ಬಿಸಿಲಿಗೆ ಇಲ್ಲಿ ಬರವಿಲ್ಲ. ಸೀಟಿನ ಕೆಳಗಿನ ಕನೆಕ್ಟರ್, ಡ್ಯಾಶ್‌ಬೋರ್ಡಿನ ಅಡಿಯ ಫ್ಯೂಸ್ ಪೆಟ್ಟಿಗೆ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಬೇಕು. ಕಾರಣವಿಲ್ಲದೆ ಏರ್‌ಬ್ಯಾಗ್ ದೀಪ ಉರಿಯುವುದು, ಸೆಂಟ್ರಲ್ ಲಾಕ್ ತಾನೇ ಬೀಳುವುದು ಎಷ್ಟೋ ಸಲ ಇಂಥ ನೀರಿನಿಂದಲೇ ಶುರುವಾಗುತ್ತದೆ. ನೆಲದ ತಗಡಿನ ತುಕ್ಕು ಆಗಲೇ ಉಜ್ಜಿ ಬಣ್ಣ ಹಚ್ಚದಿದ್ದರೆ ಮುಂದೆ ತೂತಾಗುತ್ತದೆ.

ಮಾಲೀಕ: ಮತ್ತೆ ಕಟ್ಟದಂತೆ ಏನು ಮಾಡಬೇಕು?

ಮಿಸ್ತ್ರಿ: ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ, ಮೇ ಕೊನೆಯಲ್ಲಿ ಮುಂಗಾರಿಗೆ ಮೊದಲು ಒಮ್ಮೆ ಕಾಲುವೆ ಒರೆಸಿ ನಾಲ್ಕೂ ಮೂಲೆಗೆ ನೀರು ಹಾಕಿ ನೋಡಬೇಕು. ಆಗಸ್ಟಿನಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು. ಈ ಭಾಗದಲ್ಲಿ ಜೋರು ಮಳೆ ಬರುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ.